ಉಡಿ ತುಂಬದ ಹನ್ನೊಂದು ಬೋರಿಂಗು

ಅವರ ಹೆಸರು ಬರೆಯುವುದಿಲ್ಲ. ಆ ಹೆಸರು ಸರ್ಕಾರದ ಕಾಗದಗಳಲ್ಲಿ ಬೇಡದ ಕಡೆಯೆಲ್ಲ ಬಂದು ಹೋಗಿದೆ, ಅದರ ಜೊತೆಗೆ ನನ್ನದೂ ಒಂದು ಕಾಗದ ಸೇರುವುದು ಬೇಡ. ಕಚೇರಿ ಯಾವ ಊರಿನದು ಅಂತಲೂ ಕೇಳಬೇಡಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ಹಳದಿ ಗೋಡೆ, ಮುಂದೊಂದು ಬೇವಿನ ಮರ, ಮರದ ಕೆಳಗೆ ಗಾಲಿ ಕಳಚಿದ ಒಂದು ಜೀಪು. ಅಂಥ ಕಚೇರಿ ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ.

ಕೈಪಂಪಿಗೆ ನಮ್ಮ ಕಡೆ ಬೋರಿಂಗು ಅನ್ನುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಹಳ್ಳಿಗಳು ನೀರು ಕುಡಿದದ್ದೇ ಅದರಿಂದ. ಕೊಳವೆಬಾವಿ ಕೊರೆಯುವ ಲಾರಿ ಧೂಳೆಬ್ಬಿಸಿ ಹೋದ ಮೇಲೆ ಪೈಪು ಇಳಿಸಿ, ಪಂಪು ಕೂರಿಸಿ, ನೀರನ್ನು ಮೇಲಕ್ಕೆ ತರುವವರು ಅವರು. ಕೆಟ್ಟರೆ ರಿಪೇರಿಗೆ ಹೋಗುವವರೂ ಅವರೇ. ಕಚೇರಿಯ ಕಾಗದದಲ್ಲಿ ಮೆಕ್ಯಾನಿಕ್, ಹಳ್ಳಿಗಳಲ್ಲಿ ಬೋರಿಂಗಣ್ಣ. ನಾನು ಅದೇ ಕಚೇರಿಯ ಗುಮಾಸ್ತ. ನನಗಿಂತ ಹದಿನೈದು ವರ್ಷ ದೊಡ್ಡವರಾದರೂ ನನ್ನನ್ನು 'ಬರಿಯೋ ಸಾಹೇಬ್ರ' ಅಂತಲೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ.

ಅವರನ್ನು ನೆನೆದರೆ ನನಗೆ ಮೊದಲು ಕಣ್ಣಿಗೆ ಬರುವುದು ಅವರ ಎಡಗಿವಿ. ಕೆಟ್ಟ ಬೋರಿಂಗಿನ ಹತ್ತಿರ ಹೋದರೆ ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಳ್ಳುವ ಮೊದಲು ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡು, ಪಂಪಿನ ಮೈಗೆ ಕಿವಿ ಹಚ್ಚಿ, ಅಲ್ಲಿದ್ದ ಯಾರಿಗಾದರೂ ಹಿಡಿಕೆ ಒತ್ತಲು ಹೇಳುತ್ತಿದ್ದರು. ಬೇಸಿಗೆಯಲ್ಲಿ ಆ ಕಬ್ಬಿಣ ಕಾದು ಹಂಚಾಗಿರುತ್ತಿತ್ತು. ಅವರ ಎಡಗಿವಿಯ ಮೇಲ್ತುದಿ ಸುಟ್ಟು ಸುಟ್ಟು ಕಪ್ಪಗಾಗಿತ್ತು. ನಾಲ್ಕು ಸಲ ಹಿಡಿಕೆ ಮೇಲೆ ಕೆಳಗೆ ಆಗುವಷ್ಟರಲ್ಲಿ ತೀರ್ಪು ಬರುತ್ತಿತ್ತು.

"ಕೆಳಗಿನ ವಾಷರ್ ಸವದೈತಿ. ರಾಡು ಚಲೋ ಅದಾವು. ಹನ್ನೆರಡು ಪೈಪು ಎತ್ತಬೇಕು, ನಾಕು ಮಂದಿ ಬರ್ರಿ."

ಎತ್ತಿದರೆ ಹನ್ನೆರಡೇ ಇರುತ್ತಿದ್ದವು. ಯಾವ ಊರಿನ ಯಾವ ಕೇರಿಯ ಬೋರಿಂಗಿನಲ್ಲಿ ಎಷ್ಟು ಪೈಪು ಇಳಿದಿದೆ ಎಂಬುದು ಅವರಿಗೆ ಬಾಯಿಪಾಠ. ಕೆಲಸವಿಲ್ಲದ ಮಧ್ಯಾಹ್ನ ನಾವು ಅವರನ್ನು ಪರೀಕ್ಷೆ ಮಾಡುತ್ತಿದ್ದೆವು. ನಾನು ಕಡತ ಬಿಚ್ಚಿಕೊಂಡು ಊರ ಹೆಸರು ಹೇಳಬೇಕು, ಅವರು ಬೀಡಿ ಕಚ್ಚಿಕೊಂಡೇ ಸಂಖ್ಯೆ ಹೇಳಬೇಕು. ಪಕ್ಕದ ತಾಲ್ಲೂಕಿನವರೂ ಆಗಾಗ ಅವರನ್ನು ಎರವಲು ಕರೆಸಿಕೊಳ್ಳುತ್ತಿದ್ದರು. "ಬಾಗಳಿ ದಾರಿಯ ತೋಟದ ಹತ್ತಿರದ್ದು?" ಅಂದರೆ "ಒಂಬತ್ರಿ. ಎಂಟನೇದ್ರದು ಮರಿ ಸರಿಯಿಲ್ಲ" ಅನ್ನುವರು. ಮರಿ ಅಂದರೆ ಪೈಪಿನ ತಿರುಪು. ಒಂದು ಸಲವೂ ತಪ್ಪಲಿಲ್ಲ, ಕಟ್ಟಿದ ಚಹಾದ ಬಾಜಿಯೆಲ್ಲ ಅವರಿಗೇ ಹೋಗುತ್ತಿತ್ತು.

ಕುರಿ ಸಾಕುವ ಮನೆತನದವರು, ಮೈಲಾರಲಿಂಗನ ಒಕ್ಕಲು. ಅಂಗಿಯ ಒಳಜೇಬಿನಲ್ಲಿ ಭಂಡಾರದ ಒಂದು ಪುಟ್ಟ ಚೀಲ ಸದಾ ಇರುತ್ತಿತ್ತು. ಮೈಲಾರದಿಂದ ತಂದ ಅರಿಶಿನಪುಡಿ ಅದು. ಪೈಪು ಎತ್ತುವಾಗ "ಏಳುಕೋಟಿ" ಎಂದು ಅವರು ಕೂಗಬೇಕು, "ಚಾಂಗಮಲೋ" ಎಂದು ಉಳಿದವರು ಎಳೆಯಬೇಕು. ಯಾವ ಜಾತಿಯ ಕೇರಿಯಾದರೂ ಕೂಗು ಅದೇ. ಆ ಕೂಗಿಲ್ಲದೆ ಎಳೆದರೆ ಪೈಪಿಗೆ ಬೇಜಾರಾಗುತ್ತದೆ ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು, ಆದರೆ ಬಿಡುತ್ತಿರಲಿಲ್ಲ.

ಹೊಸ ಬೋರಿಂಗಿಗೆ ನೀರು ಬಂದ ದಿನ ನಮ್ಮ ಕಡೆ ಹೆಂಗಸರು ಅದಕ್ಕೆ ಉಡಿ ತುಂಬುತ್ತಾರೆ. ಗಂಗವ್ವ ತವರಿಗೆ ಬಂದ ಮಗಳು ಎಂಬ ಭಾವನೆ. ಪಂಪಿಗೆ ಅರಿಶಿನ ಕುಂಕುಮ ಹಚ್ಚಿ, ಹಿಡಿಕೆಗೆ ಹಸಿರು ಬಳೆ ಕಟ್ಟಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಖಣ ಇಟ್ಟು ಪೂಜೆ ಮಾಡುತ್ತಾರೆ. ಪೂಜೆಯಾದ ಮೇಲೆ ಆ ಖಣ, ಅಂದರೆ ರವಿಕೆಯ ಬಟ್ಟೆ, ಬೋರಿಂಗಣ್ಣನ ಕೈಗೆ ಬರುತ್ತಿತ್ತು. "ನಿನ್ನ ಹೇಣ್ತಿಗೆ ಕೊಡಪ್ಪ" ಎನ್ನುತ್ತಿದ್ದರು. ಓಣಿಯ ಅತಿ ಹಿರಿಯ ಮುದುಕಿ ಮೊದಲ ಬೊಗಸೆ ನೀರು ಕುಡಿಯುವವರೆಗೆ ಅವರು ಬಾಯಿಗೆ ಹನಿ ಹಾಕುತ್ತಿರಲಿಲ್ಲ. ಉಡಿ ತುಂಬುವವರೆಗೆ ಊರು ಬಿಟ್ಟು ಹೊರಡುತ್ತಲೂ ಇರಲಿಲ್ಲ, ಬಸ್ಸು ತಪ್ಪಿದರೂ ಸರಿ.

ಅವರ ಹೆಂಡತಿ ಒಮ್ಮೆ ಕಚೇರಿಗೆ ಬುತ್ತಿ ತಂದವರು ನಮ್ಮೆಲ್ಲರ ಮುಂದೆ ಬೈದರು. "ಇಷ್ಟೊಂದು ಕುಬಸ ಹೊಲಿಸ್ಕೊಂಡು ನಾನೇನು ನಾಟಕದಾಗ ಪಾರ್ಟು ಮಾಡ್ಲೇನು?" ಕೊನೆಗೆ ಆಕೆ ಆ ಖಣಗಳನ್ನೆಲ್ಲ ತುಂಡು ಮಾಡಿ ಜೋಡಿಸಿ, ಹೊದೆಯುವ ಕೌದಿ ಹೊಲಿಯತೊಡಗಿದರು. ಪ್ರತಿ ಬೋರಿಂಗಿಗೂ ಕೌದಿಯಲ್ಲಿ ಒಂದು ತುಂಡು. ನಮ್ಮ ಓಣಿಗೆ ಹೊಸ ಬೋರಿಂಗು ಹಾಕಿದಾಗ ನನ್ನ ಹೆಂಡತಿ ಕೊಟ್ಟದ್ದು ಕೆಂಪು ಅಂಚಿನ ಹಸಿರು ಖಣ. ಅದೂ ಆ ಕೌದಿಗೆ ಸೇರಿತು.

ಇನ್ನು ನನ್ನ ಮಾತು ಹೇಳಬೇಕು. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದಕ್ಕೇ.

ಒಂದು ಹೊಸ ಬೋರಿಂಗು ನಿಲ್ಲಿಸಿದರೆ 'ಕಾಮಗಾರಿ ಮುಗಿದ ವರದಿ' ಎಂಬ ಅಚ್ಚಿನ ಹಾಳೆ ತುಂಬಬೇಕು. ಅದರ ಕೆಳಗೆ ಮೆಕ್ಯಾನಿಕ್ ಸಹಿ ಇರಬೇಕು. ಆ ಹಾಳೆ ಕೊಡದಿದ್ದರೆ ಸ್ಟೋರಿನವರು ಮುಂದಿನ ಊರಿಗೆ ಪೈಪು ಕೊಡುತ್ತಿರಲಿಲ್ಲ. ಇವರೋ ಸೋಮವಾರ ಮಾತ್ರ ಕಚೇರಿಗೆ ಬರುವವರು. ಮೂರನೇ ಇಯತ್ತೆ ಓದಿದ್ದರಿಂದ ಸಹಿ ಮಾಡುವುದೆಂದರೆ ಒಂದೊಂದೇ ಅಕ್ಷರ ಒತ್ತಿ ಬರೆಯುವ ದೊಡ್ಡ ಕೆಲಸ. ನಾಲಿಗೆ ತುದಿ ತುಟಿಯ ಮೂಲೆಗೆ ಬರುತ್ತಿತ್ತು. ಅವರಿಗೂ ತ್ರಾಸು, ನನಗೂ ಕಾಯುವ ಬೇಜಾರು. ಅದಕ್ಕೆ ನಾನೇ ಒಂದು ಉಪಾಯ ಹೇಳಿದೆ. ತಿಂಗಳ ಮೊದಲ ಸೋಮವಾರ ಕೂತು ಒಂದು ಕಟ್ಟು ಖಾಲಿ ಹಾಳೆಗೆ ಸಹಿ ಮಾಡಿಬಿಡಿ. ಬೋರಿಂಗು ನಿಂತ ಹಾಗೆ ನೀವು ಹೇಳಿ ಕಳಿಸಿ, ಊರು, ಆಳ, ಪೈಪು ನಾನು ತುಂಬಿಕೊಳ್ಳುತ್ತೇನೆ.

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅದ ಚಲೋ ಆತು ನೋಡ್ರಿ. ನನ್ನ ಕೆಲಸ ನೆಲದಾಗ, ನಿಮ್ಮ ಕೆಲಸ ಹಾಳ್ಯಾಗ" ಅಂದರು. ಸಹಿಯಾದ ಹಾಳೆಗಳ ಕಟ್ಟು ನನ್ನ ಮೇಜಿನ ಡ್ರಾದಲ್ಲಿ ಇರತೊಡಗಿತು. ಬೀಗದ ಕೈ ನನ್ನ ಜನಿವಾರಕ್ಕೂ ಇಲ್ಲ, ಉಡದಾರಕ್ಕೂ ಇಲ್ಲ. ಅದು ಇದ್ದದ್ದು ಮೇಜಿನ ಮೇಲಿನ ಗುಂಡುಸೂಜಿ ಡಬ್ಬಿಯಲ್ಲಿ. ವರ್ಷಗಟ್ಟಲೆ ಹೀಗೇ ನಡೆಯಿತು, ಒಂದು ತಪ್ಪೂ ಆಗಲಿಲ್ಲ.

ಆಗ ನಮ್ಮ ಕಚೇರಿಗೆ ಒಬ್ಬ ಇಂಜಿನಿಯರ್ ಸಾಹೇಬರು ಬಂದಿದ್ದರು. ಮೆತ್ತಗೆ ಮಾತಾಡುವ ಮನುಷ್ಯ, ಯಾರ ಮೇಲೂ ಸಿಟ್ಟಾದದ್ದು ನಾನು ನೋಡಿಲ್ಲ. ನನ್ನ ಮಗನ ನಾಮಕರಣಕ್ಕೆ ಬೆಳ್ಳಿ ಲೋಟ ತಂದಿದ್ದರು. ಒಂದು ಮಾರ್ಚ್ ತಿಂಗಳ ಕೊನೆ. ಉಳಿದ ಅನುದಾನ ವಾಪಸು ಹೋಗಬಾರದು ಎಂದು ಕಚೇರಿಯಲ್ಲಿ ಮದುವೆ ಮನೆಯಂತೆ ಓಡಾಟ. ಸಾಹೇಬರು ನನ್ನನ್ನು ಒಳಗೆ ಕರೆದು, "ಆ ಮೆಕ್ಯಾನಿಕ್ ಕಟ್ಟು ತಗೊಂಡು ಬಾರಪ್ಪ" ಅಂದರು. ತಂದೆ. "ಬರಕೋ" ಅಂದರು. ಒಂದೊಂದಾಗಿ ಊರ ಹೆಸರು ಹೇಳಿದರು. ಹಟ್ಟಿಗಳು, ತಾಂಡಾಗಳು, ಬಸ್ಸು ಹೋಗದ ಕೇರಿಗಳು. ಹನ್ನೊಂದು. ಬರೆದೆ.

ನನಗೆ ತಿಳಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಐದನೇ ಊರು ಬರೆಯುವಾಗಲೇ ಕೈ ನಿಂತಿತ್ತು. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಏಪ್ರಿಲ್‌ನಲ್ಲಿ ಬೋರಿಂಗು ಹಾಕಿಸೋಣ, ದುಡ್ಡು ಮೊದಲು ಉಳಿಸಿಕೊಳ್ಳೋಣ" ಅಂದರು. ನನಗೆ ಆ ಮಾತು ಬೇಕಾಗಿತ್ತು, ಹಿಡಿದುಕೊಂಡೆ. ಏಪ್ರಿಲ್ ಬಂತು, ಹೋಯಿತು. ನಾನು ಕೇಳಲಿಲ್ಲ. ನನಗೆ ಒಂದು ಪೈಸೆಯೂ ಸಿಗಲಿಲ್ಲ ಎಂಬುದನ್ನೇ ಬಹಳ ವರ್ಷ ದೊಡ್ಡ ಸಮಾಧಾನ ಮಾಡಿಕೊಂಡಿದ್ದೆ. ಈಗ ಅದನ್ನು ಹೇಳಿಕೊಳ್ಳಲೂ ನಾಚಿಕೆಯಾಗುತ್ತದೆ.

ಮುಂದಿನ ಬೇಸಿಗೆಯಲ್ಲಿ ಒಂದು ಹಟ್ಟಿಯ ಹೆಂಗಸರು ಹತ್ತು ಹನ್ನೆರಡು ಮಂದಿ ಖಾಲಿ ಕೊಡ ಹಿಡಿದುಕೊಂಡು ಕಚೇರಿಗೆ ಬಂದರು. ಅವರು ಬೋರಿಂಗು ಬೇಕೆಂದು ಅರ್ಜಿ ಕೊಟ್ಟಿದ್ದರು, ನಿಮ್ಮ ಊರಿಗೆ ಈಗಾಗಲೇ ಕೊಟ್ಟಾಗಿದೆ ಎಂಬ ಉತ್ತರ ಹೋಗಿತ್ತು. ಆ ಉತ್ತರವನ್ನೂ ನಾನೇ ಬರೆದಿದ್ದೆ, ಹಿಂದಿನ ಕಡತ ನೋಡಿ. ಸೋಮವಾರವಾದ್ದರಿಂದ ಬೋರಿಂಗಣ್ಣ ಬೇವಿನ ಮರದ ಕೆಳಗೆ ಕೂತಿದ್ದರು. ಹೆಂಗಸರಲ್ಲಿ ಒಬ್ಬ ಮುದುಕಿ ನೇರ ಅವರ ಹತ್ತಿರವೇ ಹೋಗಿ ನಿಂತಳು.

"ಯಪ್ಪಾ, ನಮ್ಮ ಹಟ್ಟಿಗೆ ನೀನ ಬೋರಿಂಗ್ ನಿಂದರ್ಸೀಯಂತಲ್ಲ. ಎಲ್ಲಿ ನಿಂದರ್ಸೀ, ತೋರ್ಸು ಬಾ. ನಮಗಂತೂ ಕಾಣವಲ್ದು."

ಅವರು ನಕ್ಕರು. "ನಿಮ್ಮ ಹಟ್ಟಿಗೆ ನಾನು ಬಂದ ಇಲ್ಲಬೇ ಯವ್ವಾ" ಅಂದರು. ಮುದುಕಿ ಉತ್ತರದ ಕಾಗದ ಮುಂದೆ ಹಿಡಿದಳು. ಅವರು ಒಳಗೆ ಬಂದು ನನ್ನ ಮುಂದೆ ಇಟ್ಟು, "ಇದೇನು ನೋಡ್ರಿ ಬರಿಯೋ ಸಾಹೇಬ್ರ, ಎಲ್ಲೋ ತಪ್ಪಾಗೈತಿ" ಅಂದರು. ಕಡತ ತೆಗೆಯದೆ ನನಗೆ ಗತಿಯಿರಲಿಲ್ಲ. ವರದಿಯ ಕೆಳಗಿನ ಸಹಿಯನ್ನು ಅವರು ಬಹಳ ಹೊತ್ತು ನೋಡಿದರು. ಅಕ್ಷರಗಳ ಮೇಲೆ ಬೆರಳು ಆಡಿಸಿದರು.

"ಕೈ ನಂದ ಐತಿ" ಅಂದರು. ನನ್ನ ಮುಖ ನೋಡಲಿಲ್ಲ.

ಆ ಹೆಂಗಸರ ಜೊತೆ ನಡೆದುಕೊಂಡೇ ಹಟ್ಟಿಗೆ ಹೋದರಂತೆ. ಮನೆ ಮನೆ ಹಿಂದೆ ಹೋಗಿ ನೋಡಿದರಂತೆ, ನಿಜವಾಗಿಯೂ ಎಲ್ಲೋ ತಾವು ನಿಲ್ಲಿಸಿ ಮರೆತಿರಬಹುದೇನೋ ಎನ್ನುವ ಹಾಗೆ. ಆ ವಾರವೆಲ್ಲ ರಜೆ ಹಾಕಿ ಒಂದೊಂದೇ ಊರು ತಿರುಗಿ, ಅದೇ ಕಡತದಲ್ಲಿ ಕಂಡ ಉಳಿದ ಹತ್ತನ್ನೂ ನೋಡಿಕೊಂಡು ಬಂದರು. ಆಮೇಲೆ ಸಾಹೇಬರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ನನಗೆ ಎಲ್ಲವೂ ಕೇಳಿಸಿತು.

"ನಿನ್ನ ಸಹಿ ಇದೆಯಲ್ಲಪ್ಪ" ಸಾಹೇಬರು ಎಂದಿನಂತೆ ಮೆತ್ತಗೆ ಅಂದರು. "ಸುಮ್ಮನೆ ಯಾಕೆ ಮೈಮೇಲೆ ಎಳಕೊಳ್ತೀಯ? ಬರೋ ವರ್ಷ ಆ ಊರಿಗೆಲ್ಲ ಹಾಕಿಸಿಬಿಡೋಣ."

"ನನ್ನ ಸಹಿ ಐತಿ ಅಂತ್ಲ ಕೇಳಾಕ ಬಂದೀನ್ರಿ. ಬ್ಯಾರೆಯವರ ಸಹಿ ಇದ್ದಿದ್ರ ನಾನೂ ಸುಮ್ನಿರ್ತಿದ್ನೇನೋ. ಆ ದುಡ್ಡು ಎಲ್ಲಿಗೆ ಹೋತು ಅನ್ನೋದು ಗೊತ್ತಾಗ್ಬೇಕ್ರಿ. ಮೊದ್ಲು ನನ್ನ ಹಿಡೀರಿ, ಆಮ್ಯಾಲೆ ಉಳಿದೋರ್ನ ಹಿಡೀರಿ."

ಜಿಲ್ಲೆಯ ಅಧಿಕಾರಿಗಳಿಗೆ ದೂರು ಬರೆದುಕೊಡಿ ಎಂದು ನನ್ನನ್ನೇ ಕೇಳಿದರು. ಕೈತುಂಬ ಕೆಲಸ ಇದೆ ಅಂದೆ. ತಹಶೀಲ್ದಾರ್ ಕಚೇರಿ ಮುಂದೆ ಅರ್ಜಿ ಬರೆಯಲು ಕೂರುವವರ ಹತ್ತಿರ ಬರೆಸಿ, ಕೆಳಗೆ ಒಂದೊಂದೇ ಅಕ್ಷರ ಒತ್ತಿ ತಮ್ಮ ಸಹಿ ಹಾಕಿ ಕಳಿಸಿದರು. ತನ್ನ ಮೇಲೆ ತಾನೇ ದೂರು ಕೊಟ್ಟ ನೌಕರನನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ತನಿಖೆಗೆ ಆದೇಶ ಬಂತು. ಆದರೆ ಸಾಹೇಬರು ಅಷ್ಟರಲ್ಲಿ ಉತ್ತರ ಸಿದ್ಧ ಮಾಡಿಕೊಂಡಿದ್ದರು. ಪಂಪು ನಿಲ್ಲಿಸಿದ್ದಕ್ಕೆ ಮೆಕ್ಯಾನಿಕ್ ಸಹಿ ಇದೆ. ಈಗ ಆ ಜಾಗದಲ್ಲಿ ಪಂಪಿಲ್ಲ. ಎಂದ ಮೇಲೆ ಯಾರೋ ಬಿಚ್ಚಿ ಮಾರಿದ್ದಾರೆ. ಬಿಚ್ಚುವ ಪಾನಾ ಯಾರ ಹತ್ತಿರ ಇರುತ್ತದೆ? ದೂರು ಕೊಟ್ಟವರೇ ಕಳ್ಳರಾಗಿ ನಿಂತರು. ಕಚೇರಿಯಲ್ಲಿ ಜೊತೆಗೆ ಚಹಾ ಕುಡಿಯುತ್ತಿದ್ದವರು ಅವರು ಬಂದರೆ ಕಡತದಲ್ಲಿ ಮುಖ ಹುದುಗಿಸತೊಡಗಿದರು. ಎಲ್ಲರಿಗಿಂತ ಮೊದಲು ಹುದುಗಿಸಿದವನು ನಾನು.

ವಿಚಾರಣೆಗೆ ಎರಡ್ಮೂರು ದಿನ ಇರುವಾಗ ಒಂದು ಸಂಜೆ ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಅಂದರೆ ಬರಲಿಲ್ಲ, ಕಟ್ಟೆಯ ಮೇಲೆ ಕೂತರು. ನನ್ನ ಮಗಳು ಅಲ್ಲೇ ಕೂತು ಮಗ್ಗಿ ಬರೆಯುತ್ತಿದ್ದಳು, ಸಣ್ಣವನು ನನ್ನ ಕಾಲಿಗೆ ಜೋತುಬಿದ್ದಿದ್ದ. ಅವರು ಮಗಳ ಸ್ಲೇಟು ನೋಡಿ, "ಚಲೋ ಬರೀತೈತಿ ಕೂಸು, ಅಪ್ಪನಂಗ" ಅಂದರು. ಆಮೇಲೆ ದನಿ ತಗ್ಗಿಸಿದರು.

"ಒಂದ ಮಾತು ಕೇಳಾಕ ಬಂದೀನ್ರಿ. ಆ ಹನ್ನೊಂದು ಊರ ಹೆಸರು ನಾನು ನಿಮಗ ಹೇಳಿದ್ನೇನ್ರಿ?"

ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಬಹಳ ದಿನದ ಮಾತು, ನೆನಪಿಲ್ಲ, ಕಡತ ನೋಡಬೇಕು ಎಂದೆಲ್ಲ ತೊದಲಿದೆ. ಅವರು ಒಳಜೇಬಿಗೆ ಕೈ ಹಾಕಿ ಭಂಡಾರದ ಚೀಲ ತೆಗೆದರು. ಭಂಡಾರ ಮುಟ್ಟಿ ಹೇಳಿದ ಮಾತು ಸುಳ್ಳಾದರೆ ಮನೆಯ ಮಕ್ಕಳಿಗೆ ಕೇಡು ಎಂಬ ನಂಬಿಕೆ ನಮ್ಮಲ್ಲಿದೆ, ನಾನು ಎಷ್ಟೇ ಓದಿದ್ದರೂ ಅದು ನನ್ನೊಳಗೂ ಇದೆ. ಅವರು ಚೀಲದ ದಾರ ಅರ್ಧ ಬಿಚ್ಚಿ, ನನ್ನ ಕಾಲ ಬಳಿಯ ಮಗುವನ್ನು ನೋಡಿದರು. ನಿಧಾನವಾಗಿ ದಾರ ಮತ್ತೆ ಕಟ್ಟಿ ಜೇಬಿಗೆ ಹಾಕಿಕೊಂಡರು.

"ಬ್ಯಾಡ ಬಿಡ್ರಿ. ನಿಮ್ಮವು ಸಣ್ಣ ಮಕ್ಕಳದಾವು" ಎಂದು ಎದ್ದು ಹೋದರು.

ಅವತ್ತು ಅವರು ನನ್ನ ಕೈಗೆ ಭಂಡಾರ ಕೊಟ್ಟಿದ್ದರೆ ನಾನು ನಿಜ ಹೇಳುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಕೊಡಲಿಲ್ಲ. ಹೆದರಿಸಿ ಹೇಳಿಸಿಕೊಂಡ ಮಾತು ಅವರಿಗೆ ಬೇಕಿರಲಿಲ್ಲವೋ, ನನ್ನ ಮೇಲೆ ಕನಿಕರ ಬಂತೋ, ಈಗಲೂ ಯೋಚಿಸುತ್ತೇನೆ.

ವಿಚಾರಣೆ ನಮ್ಮ ಕಚೇರಿಯ ದೊಡ್ಡ ಕೋಣೆಯಲ್ಲೇ ನಡೆಯಿತು. ಜಿಲ್ಲೆಯಿಂದ ಬಂದ ಅಧಿಕಾರಿ ಕೆಟ್ಟವರಲ್ಲ, ಕಾಗದ ನಂಬುವವರು ಅಷ್ಟೆ. ಸಾಹೇಬರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಬೋರಿಂಗಣ್ಣ ಬಟ್ಟೆಯ ಒಂದು ದೊಡ್ಡ ಗಂಟು ಹೊತ್ತುಕೊಂಡು ಬಂದರು.

"ಈ ಸಹಿ ನಿಮ್ಮದೇ ತಾನೆ?" ಅಧಿಕಾರಿ ಕೇಳಿದರು.

"ನಂದ ಐತ್ರಿ."

"ಹಾಗಾದರೆ ಪಂಪು ಎಲ್ಲಿ ಹೋದವು?"

"ಹೋಗಾಕ ಅವು ಬಂದ ಇಲ್ರಿ" ಎಂದವರೇ ಗಂಟು ಬಿಚ್ಚಿ ಮೇಜಿನ ಮೇಲೆ ಕೌದಿ ಹಾಸಿದರು. ಅದು ಮೇಜು ತುಂಬಿ ಎರಡೂ ಕಡೆ ನೆಲಕ್ಕೆ ಇಳಿಯಿತು.

"ಇದ್ರಾಗಿನ ಒಂದೊಂದು ತುಂಡು ಒಂದೊಂದು ಬೋರಿಂಗ್ ರಿ. ಉಡಿ ತುಂಬಿಸದ ನಾನು ಯಾವ ಊರೂ ಬಿಟ್ಟು ಬಂದಿಲ್ಲ. ಇದು ಬಾಗಳಿ ದಾರಿದು. ಇದು ಕಾನಹೊಸಹಳ್ಳಿ ಆಚೆ ಕಡೆದು. ಈ ಕೆಂಪಂಚಿನ ಹಸರು ಇಲ್ಲಿ ಕುಂತಾರಲ್ಲ, ಈ ಬರಿಯೋ ಸಾಹೇಬ್ರ ಓಣಿದು, ಇವರ ಮನ್ಯಾಗಿನವ್ರ ಕೊಟ್ಟಾರ. ಆ ಹನ್ನೊಂದು ಊರಿಂದು ಇದ್ರಾಗ ಒಂದೂ ಇಲ್ರಿ. ನಿಂತ ಬೋರಿಂಗ್ ಕದ್ದಿದ್ರ ಖಣನಾದ್ರೂ ಇರ್ಬೇಕಿತ್ತಲ್ರಿ? ಆ ಊರ ಹೆಣ್ಮಕ್ಕಳನ್ನ ಕರೆಸ್ರಿ. ಗಂಗವ್ವಗ ಉಡಿ ತುಂಬಿದ್ರೇನು ಅಂತ ಕೇಳ್ರಿ."

ಯಾರೋ ಕಿಸಕ್ಕನೆ ನಕ್ಕರು. ಅಧಿಕಾರಿ ನಗಲಿಲ್ಲ. ಕೌದಿಯ ಒಂದು ಮೂಲೆ ಹಿಡಿದು ನೋಡಿ, "ಇದನ್ನು ನಾನು ಕಡತಕ್ಕೆ ಹೇಗೆ ಹಚ್ಚಲಿ, ಹೇಳಿ?" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ವರದಿಗಳ ಕೈಬರಹ ನಿಮ್ಮದು. ಊರುಗಳ ಹೆಸರು ಯಾರು ಹೇಳಿದರು?"

ನಾನು ಎದ್ದು ನಿಂತೆ. ಹಸಿರು ತುಂಡು ನನ್ನ ಕಣ್ಣ ಮುಂದೆಯೇ ಇತ್ತು.

"ಪದ್ಧತಿಯ ಪ್ರಕಾರ ಮೆಕ್ಯಾನಿಕ್ ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆ ಸರ್."

ಆ ವಾಕ್ಯದಲ್ಲಿ ಒಂದು ಸುಳ್ಳೂ ಇಲ್ಲ. ಎರಡು ರಾತ್ರಿ ನಿದ್ದೆಗೆಟ್ಟು ಕಟ್ಟಿದ ವಾಕ್ಯ ಅದು. ಅಧಿಕಾರಿ ಬರೆದುಕೊಂಡರು. ಸಾಹೇಬರು ಕನ್ನಡಕ ಒರೆಸಿಕೊಂಡರು. ಬೋರಿಂಗಣ್ಣ ನನ್ನನ್ನು ಒಮ್ಮೆ ನೋಡಿ ಕೌದಿ ಮಡಚತೊಡಗಿದರು. ಅಷ್ಟು ದೊಡ್ಡ ಕೌದಿ ಒಬ್ಬರಿಂದ ಮಡಚಲು ಆಗುವುದಿಲ್ಲ, ಇನ್ನೊಬ್ಬರು ಆ ತುದಿ ಹಿಡಿಯಬೇಕು. ಯಾರೂ ಏಳಲಿಲ್ಲ. ಎದ್ದೇ ನಿಂತಿದ್ದ ನಾನೂ ಕೈ ಚಾಚಲಿಲ್ಲ. ಅವರು ಅದನ್ನು ಹೇಗೋ ಮುದ್ದೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋದರು.

ಅವರು ಕೆಲಸದಿಂದ ವಜಾ ಆದರು. ಸಾಹೇಬರಿಗೆ ಮೇಲ್ವಿಚಾರಣೆಯಲ್ಲಿ ಲೋಪ ಎಂದು ಒಂದು ಎಚ್ಚರಿಕೆ ಪತ್ರ ಬಂತು, ಅದರ ಹಿಂದೆಯೇ ಬಡ್ತಿಯೂ ಬಂತು. ಸಾಹೇಬರ ಬೀಳ್ಕೊಡುಗೆಯ ಮಾನಪತ್ರ ಬರೆದವನು ನಾನು. ಕೈಬರಹ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ನನಗೂ ಮುಂದೆ ಬಡ್ತಿ ಆಯಿತು.

ಕೆಲಸ ಹೋದ ಮೇಲೂ ಹಳ್ಳಿಗಳವರು ಅವರನ್ನು ಬಿಡಲಿಲ್ಲ. ಹೊಸ ಮೆಕ್ಯಾನಿಕ್ ಮೂರು ದಿನ ಒದ್ದಾಡಿದರೂ ಆಗದ್ದು ಇವರು ಕಿವಿ ಹಚ್ಚಿದರೆ ಆಗುತ್ತಿತ್ತು. ಸ್ವಂತ ಪಾನಾದ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ಹೊಟ್ಟೆಪಾಡು ಅದರಿಂದಲೇ. ಆದರೆ ಕೆಲವು ಊರುಗಳಲ್ಲಿ ಪಡ್ಡೆಗಳು "ಬೋರಿಂಗ್ ನುಂಗಿದಾಂವ ಬಂದ, ಪಂಪ್ ಜ್ವಾಕಿರ್ಲೇ" ಎಂದು ಹಿಂದಿನಿಂದ ಕೂಗುತ್ತಿದ್ದರಂತೆ. ಒಮ್ಮೆ ನಮ್ಮ ಓಣಿಯ ಬೋರಿಂಗು ಕೆಟ್ಟಾಗ ನನ್ನ ಹೆಂಡತಿ ಅವರನ್ನೇ ಕರೆಸಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನಾನು ಒಳಗೆ ಸ್ನಾನಕ್ಕೆ ಹೋದವನು ಹೊರಗೆ ಬರಲೇ ಇಲ್ಲ. ಚಹಾ ಕುಡಿದು ಹೋಗುವಾಗ ಬಾಗಿಲಲ್ಲಿ ನಿಂತು, "ಆರಾಮದೀರೇನ್ರಿ ಬರಿಯೋ ಸಾಹೇಬ್ರ?" ಎಂದು ಕೂಗಿದರು. ಬಚ್ಚಲಿನಿಂದಲೇ ಹೂಂ ಅಂದೆ. ಅವರ ದನಿ ನಾನು ಕೇಳಿದ್ದು ಅದೇ ಕೊನೆ.

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಮಣ್ಣಾಗಿ ಎಂಟು ದಿನವಾದ ಮೇಲೆ. ಆಗ ನಾನು ನಿವೃತ್ತನಾಗಿದ್ದೆ. ಊರೂರಿಗೆ ನಲ್ಲಿ ಬಂದು ಬೋರಿಂಗುಗಳು ಹಿಡಿಕೆಯಿಲ್ಲದೆ ನಿಂತಿದ್ದವು.

ಮೂರನೇ ತಿಂಗಳಿಗೆ, ಸಂತೆಯ ದಿನ ಸೋಮವಾರ, ಅವರ ಹೆಂಡತಿ ನಮ್ಮ ಮನೆಗೆ ಬಂದರು. ಕೂಡುವ ಮೊದಲೇ ಎಲೆ ಅಡಿಕೆಯ ಸಂಚಿಯಿಂದ ಮಡಚಿದ ಒಂದು ಹಾಳೆ ತೆಗೆದು ನನ್ನ ಮುಂದೆ ಬಿಡಿಸಿಟ್ಟರು. ಬಿಳಿ ಹಾಳೆ. ಒಂದು ಅಕ್ಷರವಿಲ್ಲ. ಕೆಳಗೆ ಬಲಮೂಲೆಯಲ್ಲಿ ನೀಲಿ ಹೆಬ್ಬೆಟ್ಟು.

"ರೇಷನ್ ಅಂಗಡ್ಯಾಗ ಶಾಯಿ ಇತ್ರಿ, ನಿಮ್ಮ ಮನ್ಯಾಗ ಇರ್ತೈತೋ ಇಲ್ಲೋ ಅಂತ ಅಲ್ಲೇ ಒತ್ತಿಕೊಂಡು ಬಂದೆ. ಈಗ ಹಳೇ ಕಾಗದ ಕೇಳಿದ್ರ ಕೊಡಬೇಕಂತ ಕಾಯ್ದೆ ಬಂದೈತಂತಲ್ರಿ. ನನಗ ರೊಕ್ಕ ಬ್ಯಾಡ. ಅವರ ಹೆಸರಿಗೆ ಕಳ್ಳ ಅಂತ ಬರದಾರಲ್ಲ, ಅದನ್ನ ತಗಸಬೇಕು. ಏನು ಬರೀಬೇಕೋ ಬರೀರಿ, ನಿಮ್ಮ ಮ್ಯಾಲೆ ನಂಬಿಕಿ ಐತಿ."

ಆ ಖಾಲಿ ಹಾಳೆಯನ್ನು ಪಕ್ಕಕ್ಕಿಟ್ಟು, ಮೊದಲು ಕರಡು ಮಾಡುತ್ತೇನೆ ಎಂದು ನನ್ನದೊಂದು ಹಾಳೆ ತೆಗೆದೆ. ಬರೆಯುತ್ತ ಹೋದೆ. ಖಾಲಿ ಹಾಳೆಗೆ ಸಹಿ ಮಾಡಿಸಿಕೊಂಡದ್ದು, ಡ್ರಾ, ಮಾರ್ಚ್ ತಿಂಗಳು, ಸಾಹೇಬರು ಊರು ಹೇಳಿದ್ದು, ಗುಮಾಸ್ತ ಬರೆದದ್ದು, ವಿಚಾರಣೆಯಲ್ಲಿ ಗುಮಾಸ್ತ ಹೇಳಿದ ಆ ವಾಕ್ಯ. ಎಲ್ಲ ಬರೆದೆ, ನನ್ನ ಹೆಸರು ಹಾಕಿ. ಬರೆದದ್ದನ್ನು ಓದಿ ಹೇಳಿದೆ.

ಆಕೆ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಇದು ನನಗ ಗೊತ್ತೈತ್ರಿ" ಅಂದರು. "ಅವತ್ತು ಸಂಜಿ ನಿಮ್ಮ ಮನಿಯಿಂದ ಬಂದವರ ಹೇಳಿದ್ರು. ಯಾರ ಮುಂದೂ ಅನಬ್ಯಾಡ, ಅವಾ ತಾನಾ ಹೇಳ್ತಾನ ಅಂದ್ರು. ಸಾಯೋತನಕ ಅದನ್ನ ಅಂತಿದ್ರು, ಹೇಳ್ತಾನ ಅಂತ."

ನಾನು ಆಕೆಯ ಹೆಬ್ಬೆಟ್ಟಿನ ಹಾಳೆಗೆ ಕೈ ಚಾಚಿದೆ, ಅದರಲ್ಲಿ ಚೆನ್ನಾಗಿ ಬರೆದುಕೊಡಲು. ಆಕೆ ಅದನ್ನು ತನ್ನ ಕಡೆ ಎಳೆದುಕೊಂಡು, ನಾಲ್ಕು ಮಡಿಕೆ ಮಾಡಿ, ಸಂಚಿಗೆ ಹಾಕಿ ದಾರ ಎಳೆದರು.

"ಇದಕ್ಕ ನನ್ನ ಹೆಬ್ಬಟ್ಟು ಯಾಕ್ರಿ? ಇದು ನಿಮ್ಮ ಅರ್ಜಿ ಆತಲ್ಲ. ನೀವ ಸಹಿ ಹಾಕ್ರಿ."

ನನ್ನ ಪಿಂಚಣಿ ನೆನಪಾಯಿತು. ಇಲ್ಲವೆನ್ನಲಾರೆ. ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು, ಅದೂ ನೆನಪಾಯಿತು. ಚಹಾ ಆರಿ ಕೆನೆಗಟ್ಟುತ್ತಿತ್ತು. ಆಕೆ ಚಹಾ ಮುಟ್ಟಲಿಲ್ಲ, ಸಂಚಿ ತೊಡೆಯ ಮೇಲಿಟ್ಟುಕೊಂಡು ನನ್ನ ಕೈಯನ್ನೇ ನೋಡುತ್ತ ಕೂತಿದ್ದರು. ಸಹಿ ಹಾಕಿದೆ. ಅದೇಕೋ ಒಂದೊಂದೇ ಅಕ್ಷರ ಒತ್ತಿ ಹಾಕಿದೆ.

ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ಸಾಹೇಬರು ನಿವೃತ್ತರಾಗಿ ಬಹಳ ವರ್ಷವಾಯಿತು, ಕಡತ ಸಿಗುತ್ತಿಲ್ಲ ಎಂದು ಕಚೇರಿಯವರು ಬಾಯಿಮಾತಿಗೆ ಹೇಳುತ್ತಾರೆ. ಆಕೆ ಪ್ರತಿ ಸೋಮವಾರ ಸಂತೆ ಮುಗಿಸಿಕೊಂಡು ಬಂದು ನಮ್ಮ ಓಣಿಯ ಹಿಡಿಕೆಯಿಲ್ಲದ ಬೋರಿಂಗಿನ ಕಟ್ಟೆಯ ಮೇಲೆ ಕೈಚೀಲ ಇಳಿಸಿ, ಅಲ್ಲಿಂದಲೇ ಕೂಗುತ್ತಾರೆ.

"ಬಂತೇನ್ರಿ?"

"ಇನ್ನೂ ಇಲ್ರಿ ಅಕ್ಕ."

"ಹಂಗಾದ್ರ ಮತ್ತ ಬರೀರಿ."

ಮಂಗಳವಾರ ಬೆಳಿಗ್ಗೆ ಕೂತು ಮತ್ತೆ ಬರೆಯುತ್ತೇನೆ, ನನ್ನ ಹೆಸರಿನಿಂದ ಶುರುಮಾಡಿ.